ಹೆಸರಿಗೂ ಗಂಡನ ಅಪ್ಪಣೆಯೇ?

ಮದುವೆಯಾದವಳು ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂದು ಈ ದೇಶದ ಯಾವ ಕಾನೂನೂ ಹೇಳಿಲ್ಲ. ಅದು ಬರಿಯ ರೂಢಿ. ವಿಚ್ಛೇದನದ ಬಳಿಕ ಅದನ್ನು ಕಳಚಹೊರಟರೆ ಮಾತ್ರ ಅಫಿಡವಿಟ್ಟು, ಪತ್ರಿಕೆಯಲ್ಲಿ ಪ್ರಕಟಣೆ, ಗೆಜೆಟ್ಟು! ಹುಟ್ಟಿದ ಹೆಸರಿಗೆ ಮರಳುವವಳು ಡಿಕ್ರಿಯನ್ನಾಗಲಿ ಗಂಡನ ಒಪ್ಪಿಗೆ ಪತ್ರವನ್ನಾಗಲಿ ತರಬೇಕೆಂಬ ಕೇಂದ್ರದ ಪ್ರಕಟಣೆಯ ವಿರುದ್ಧ 2024ರಲ್ಲಿ ಮಹಿಳೆಯೊಬ್ಬರು ದೆಹಲಿ ಹೈಕೋರ್ಟಿಗೆ ಹೋದರು. ಸೇರಿಸಿಕೊಂಡಾಗ ಯಾರ ಅಪ್ಪಣೆ ಕೇಳಿದ್ದರು?

ಕೆಂಗೇರಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಸೋದರಿಯರಿಗೆ ಇದು ಕೇವಲ ಮಾನದ ಪ್ರಶ್ನೆಯಲ್ಲ. ಆಧಾರಿನಲ್ಲಿ ಒಂದು ಹೆಸರು, ಪಿ.ಎಫ್. ಖಾತೆಯಲ್ಲಿ ಇನ್ನೊಂದಿದ್ದರೆ ಅರ್ಜಿ ತಿರುಗಿ ಬರುತ್ತದೆ. ದುಡಿದ ಹಣ ಅಲ್ಲೇ ಕೊಳೆಯುತ್ತದೆ. ಕಚೇರಿಗೆ ಅಲೆದ ದಿನದ ಕೂಲಿಯೂ ಖೋತಾ. ಅಂಗಡಿ ನಡೆಸುವ ಹೆಂಗಸಿನ ಲೈಸೆನ್ಸು, ಬ್ಯಾಂಕ್ ಪುಸ್ತಕಗಳ ಪಾಡೂ ಅಷ್ಟೆ. ಡಿಕ್ರಿಯ ದೃಢೀಕೃತ ಪ್ರತಿಯೊಂದನ್ನೇ ಎಲ್ಲ ಕಚೇರಿಗಳೂ ಒಪ್ಪಬೇಕೆಂದು ನಾವು ಒತ್ತಾಯಿಸುತ್ತೇವೆ.