‘ಏನೂ ತಿಳೀದಿದ್ರ ಸೈನ್ಸ್ ತಗೋ’ ಅನ್ನೋದನ್ನ ಇನ್ನಾದರೂ ನಿಲ್ಲಿಸಿ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ರಾಯಚೂರು ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ದೇವದುರ್ಗ, ಮಾನ್ವಿ ಕಡೆಯ ಬಸ್ಸುಗಳಿಂದ ಅಪ್ಪ-ಮಗ, ಅವ್ವ-ಮಗಳು ಇಳಿಯುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ಮಾರ್ಕ್ಸ್ ಕಾರ್ಡಿನ ಝೆರಾಕ್ಸ್, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್. ಏನು ಓದಬೇಕಂತೀಯಪ್ಪಾ ಅಂತ ಹುಡುಗನನ್ನು ಕೇಳಿದರೆ ಅವನು ಅಪ್ಪನ ಮುಖ ನೋಡುತ್ತಾನೆ. ಅಪ್ಪ ಹೇಳುತ್ತಾನೆ: “ನಮಗೇನೂ ತಿಳೀವಲ್ದ್ರೀ ಸರ್. ಎಲ್ಲಾರೂ ಸೈನ್ಸ್ ಕೊಡ್ಸು ಅಂದಾರ.”

ಈ ‘ಎಲ್ಲಾರೂ’ ಯಾರು? ಒಬ್ಬರು ಹೈಸ್ಕೂಲ್ ಮಾಸ್ತರರು. ಇನ್ನೊಬ್ಬ ಬೆಂಗಳೂರಲ್ಲಿ ನೌಕರಿ ಮಾಡೋ ಸಂಬಂಧಿ. ಮೂರನೆಯದು ಗೋಡೆಗೆ ಹಚ್ಚಿದ ರ‍್ಯಾಂಕಿನ ಪೋಸ್ಟರು. ಮೂವರ ಮಾತೂ ಒಂದೇ: “ಸೈನ್ಸ್ ತಗೊಂಡ್ರ ಎಲ್ಲಾ ಬಾಗಿಲು ತೆರೆದಿರ್ತಾವ. ಬ್ಯಾಡ ಅನಿಸಿದ್ರ ಆಮ್ಯಾಲೆ ಆರ್ಟ್ಸಿಗೆ ಬರಬಹುದು. ಆರ್ಟ್ಸಿನಿಂದ ಸೈನ್ಸಿಗೆ ಹೋಗಾಕ ಬರಂಗಿಲ್ಲ.”

ಈ ಮಾತಿನಲ್ಲಿ ಅರ್ಧ ನಿಜ ಇದೆ. ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಬಾಗಿಲು ತೆರೆದಿರುವುದು ಪಾಸಾದವರಿಗೆ ಮಾತ್ರ.

ಇದನ್ನು ಬರೆಯುತ್ತಿರುವ ನಾವೂ ಹೀಗೇ ಸೈನ್ಸಿಗೆ ಹೋದವರು. ಹತ್ತನೇ ತರಗತಿವರೆಗೆ ‘ದ್ಯುತಿಸಂಶ್ಲೇಷಣೆ’ ಅಂತ ಕನ್ನಡದಲ್ಲಿ ಓದಿದ್ದೆವು. ಕಾಲೇಜಿನಲ್ಲಿ ಮೊದಲ ದಿನದಿಂದ ಎಲ್ಲ ಇಂಗ್ಲಿಷು. ಅರ್ಥ ಆಗಲಿಲ್ಲ ಅಂತ ಎದ್ದು ನಿಂತು ಹೇಳೋಕೂ ಇಂಗ್ಲಿಷ್ ಬರಬೇಕಿತ್ತು. ಎರಡನೇ ವರ್ಷ ಫಿಸಿಕ್ಸ್, ಗಣಿತ ಎರಡರಲ್ಲೂ ಫೇಲಾದೆವು. ಸಪ್ಲಿಮೆಂಟರಿಯೂ ಹೋಯಿತು. ತಿರುಗಿ ಆರ್ಟ್ಸಿನ ಮೊದಲ ವರ್ಷಕ್ಕೆ ಸೇರಿದೆವು. ನಮಗೆ ಹೋದದ್ದು ಎರಡು ವರ್ಷ. ಆದರೆ ಆ ಎರಡು ವರ್ಷದ ರೂಮು, ಊಟ, ಟ್ಯೂಷನ್ನಿನ ಸಾಲ ತೀರಿಸುವ ಹೊತ್ತಿಗೆ ನಮ್ಮ ತಂಗಿಯ ಹತ್ತನೇ ತರಗತಿ ಮುಗಿದಿತ್ತು. ಅವಳನ್ನು ಕಾಲೇಜಿಗೆ ಕಳಿಸಲಿಲ್ಲ. ‘ಆಮ್ಯಾಲೆ ಆರ್ಟ್ಸಿಗೆ ಬರಬಹುದು’ ಅನ್ನೋ ಮಾತಿಗೆ ದುಡ್ಡು ಕೊಟ್ಟವಳು ಅವಳು.

ನಾವು ಸೈನ್ಸಿನ ವಿರೋಧಿಗಳಲ್ಲ. ನಮ್ಮ ರಾಯಚೂರಲ್ಲೇ 2007ರಿಂದ ರಿಮ್ಸ್ ಮೆಡಿಕಲ್ ಕಾಲೇಜಿದೆ. 2008ರಲ್ಲಿ ಕೃಷಿ ವಿಶ್ವವಿದ್ಯಾಲಯ ಆಯಿತು. 2019ರಲ್ಲಿ ಐಐಐಟಿ ಬಂತು. ಇವಕ್ಕೆ ಸೈನ್ಸೇ ಬೇಕು. ಡಾಕ್ಟರಿಕೆಗೂ ಬಿಎಸ್‌ಸಿ ಕೃಷಿಗೂ ಜೀವಶಾಸ್ತ್ರ ಬೇಕು, ಐಐಐಟಿಗೆ ಗಣಿತ ಬೇಕು. ಮಗುವಿಗೆ ಅಂಥ ಆಸೆ, ಹಿಡಿತ ಇದ್ದರೆ ಹೊಲ ಲಾವಣಿಗೆ ಹಾಕಿಯಾದರೂ ಓದಿಸಿ. ಬಿಎಸ್‌ಸಿ ಕೃಷಿಯಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಮಾನ್ವಿಯಲ್ಲಿ ಭತ್ತ ಬೆಳೆಯೋ ಎಷ್ಟು ಅಪ್ಪಂದಿರಿಗೆ ಇದು ಗೊತ್ತು?

ಆದರೆ ನಮ್ಮ ಭಾಗದ ಹೆಚ್ಚಿನ ಮನೆಗಳಲ್ಲಿ ‘ನೌಕರಿ’ ಅಂದರೆ ಯಾವ ನೌಕರಿ? ಗ್ರಾಮ ಆಡಳಿತಾಧಿಕಾರಿ, ಸಿವಿಲ್ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಪಿಯುಸಿ ಸಾಕು, ಯಾವ ವಿಭಾಗವಾದರೂ ನಡೆಯುತ್ತದೆ. ಪಿಡಿಒ, ಎಫ್‌ಡಿಎ, ಕೆಎಎಸ್‌ಗೆ ಯಾವ ಡಿಗ್ರಿಯಾದರೂ ಸರಿ. ಐದು ವರ್ಷದ ಕಾನೂನು ಪದವಿಗೆ ಆರ್ಟ್ಸಿನವರೂ ಸೇರಬಹುದು. ಜಿಎನ್‌ಎಂ ನರ್ಸಿಂಗಿಗೂ ಆರ್ಟ್ಸಿನವರಿಗೆ ಅವಕಾಶ ಇದೆ, ಬಿಎಸ್‌ಸಿ ನರ್ಸಿಂಗಿಗೆ ಮಾತ್ರ ಜೀವಶಾಸ್ತ್ರ ಬೇಕು. 371ಜೆ ಬಂದ ಮೇಲೆ, 2013ರಿಂದ, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ ಶೇ 80 ನಮ್ಮವರಿಗೇ ಮೀಸಲು. ಆ ಮೀಸಲಾತಿ ನಿಮ್ಮ ಕಾಂಬಿನೇಷನ್ ಯಾವುದು ಅಂತ ಕೇಳುವುದಿಲ್ಲ.

ಪಿಯುಸಿಯೇ ಆಗಬೇಕು ಅಂತಲೂ ಇಲ್ಲ. ಹತ್ತನೇ ತರಗತಿ ಮುಗಿಸಿ ಪಾಲಿಟೆಕ್ನಿಕ್ ಸೇರಿದರೆ ಮೂರು ವರ್ಷಕ್ಕೆ ಡಿಪ್ಲೊಮಾ. ಮುಂದೆ ಓದೋ ಮನಸ್ಸಾದರೆ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಶಕ್ತಿನಗರದಲ್ಲಿ, ಯರಮರಸಿನಲ್ಲಿ ವಿದ್ಯುತ್ ಕೇಂದ್ರ, ಹಟ್ಟಿಯಲ್ಲಿ ಚಿನ್ನದ ಗಣಿ ಇರೋ ಜಿಲ್ಲೆ ಇದು. ಇಲ್ಲಿ ಐಟಿಐ, ಡಿಪ್ಲೊಮಾ ಅಂದರೆ ಮೂಗು ಮುರಿಯೋರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಇನ್ನು ಹೆಣ್ಣುಮಕ್ಕಳ ಮಾತು. ಹುಡುಗನಿಗೆ ಏನೂ ತಿಳಿಯದಿದ್ದರೆ ಸೈನ್ಸ್, ಹುಡುಗಿಗೆ ಏನೂ ತಿಳಿಯದಿದ್ದರೆ ಹತ್ತಿರದ ಕಾಲೇಜು. ನಮ್ಮ ಕಡೆ ನಡೆಯುವುದು ಇದೇ. ದೇವದುರ್ಗದ ಹಳ್ಳಿಯಲ್ಲಿ ಗಣಿತದಲ್ಲಿ 90 ತೆಗೆದ ಹುಡುಗಿಯ ಕಾಂಬಿನೇಷನ್ನನ್ನು ಸಂಜೆ ಬಸ್ಸಿನ ಟೈಮ್ ತೀರ್ಮಾನಿಸುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳಿಗೆ ಟಿಕೆಟ್ ಉಚಿತ. ಆದರೆ ಪ್ರಾಕ್ಟಿಕಲ್ ಮುಗಿಸಿ ಬಂದಾಗ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ ತಗೊಂಡು ಏನು ಮಾಡಬೇಕು? ನಂಜುಂಡಪ್ಪ ಸಮಿತಿ 2002ರಲ್ಲೇ ದೇವದುರ್ಗವನ್ನು ಅತಿ ಹಿಂದುಳಿದ ತಾಲೂಕು ಅಂತ ಗುರುತಿಸಿತು. ಇಷ್ಟು ವರ್ಷ ಆದಮೇಲೂ ಒಬ್ಬ ಹುಡುಗಿ ಬಸ್ ನೋಡಿ ವಿಷಯ ಆರಿಸುತ್ತಿದ್ದರೆ ಅದು ಆಯ್ಕೆ ಅಲ್ಲ. ತಾಲೂಕಿನ ಸರ್ಕಾರಿ ಕಾಲೇಜಿಗೆ ಉಪನ್ಯಾಸಕರು, ಲ್ಯಾಬು, ಹೆಣ್ಣುಮಕ್ಕಳ ಹಾಸ್ಟೆಲ್ ಕೇಳುವುದು ಭಿಕ್ಷೆಯಲ್ಲ. ನಮ್ಮ ಶಾಸಕರು ಇದಕ್ಕೆ ಉತ್ತರ ಕೊಡಬೇಕು.

ಹಾಗಾದರೆ ಮುಂದೇನು ಅಂತ ನಿಜಕ್ಕೂ ಗೊತ್ತಿಲ್ಲದ ಹುಡುಗ, ಹುಡುಗಿ ಏನು ಮಾಡಬೇಕು? ಮೊದಲು ಒಂದು ಮಾತು: ಹದಿನಾರು ವರ್ಷಕ್ಕೆ ಗೊತ್ತಿಲ್ಲದಿರುವುದು ತಪ್ಪಲ್ಲ. ಮನೆಯಲ್ಲಿ ಕೂತು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು, ಯಾವ ಬಾಗಿಲು ಮುಚ್ಚುತ್ತದೆ? ಆರ್ಟ್ಸ್ ತಗೊಂಡರೆ ಮೆಡಿಕಲ್, ಎಂಜಿನಿಯರಿಂಗ್, ಬಿಎಸ್‌ಸಿ ಕೃಷಿಯ ನೇರ ದಾರಿ ಮುಚ್ಚುತ್ತದೆ. ಅದು ಮುಚ್ಚಿದರೆ ನಿನಗೆ ನೋವಾಗುತ್ತದಾ, ಅಪ್ಪನಿಗೆ ನೋವಾಗುತ್ತದಾ? ಎರಡೂ ಬೇರೆ.

ಎರಡು, ಒಟ್ಟು ಅಂಕ ನೋಡಿ ಮೋಸ ಹೋಗಬೇಡಿ. 625ರ ಲೆಕ್ಕದಲ್ಲಿ ಮೂರು ಭಾಷೆಗಳದ್ದೇ 325, ಗಣಿತ-ವಿಜ್ಞಾನ ಸೇರಿ 200. ಒಟ್ಟು 480 ಬಂದರೂ ಗಣಿತದಲ್ಲಿ 45 ಇದ್ದರೆ ಆ 45 ಏನು ಹೇಳುತ್ತಿದೆ, ಕೇಳಿಸಿಕೊಳ್ಳಿ.

ಮೂರು, ಎಡವಿದರೆ ವಾಪಸ್ ಬರೋ ಖರ್ಚು ಯಾರದ್ದು? ಸಾಲ ಯಾರ ಹೆಸರಿಗೆ? ಹಿಂದೆ ತಮ್ಮ, ತಂಗಿ ಇದ್ದಾರಾ?

ಇದಾದ ಮೇಲೂ ಅನುಮಾನ ಉಳಿಯಿತಾ? ಗಣಿತ, ವಿಜ್ಞಾನ ಎರಡರಲ್ಲೂ ಹಿಡಿತ ಇದ್ದು, ಮನೆಗೆ ಖರ್ಚು ತಾಳಿದರೆ ಪಿಸಿಎಂಬಿ ತಗೊಳ್ಳಿ. ಗಣಿತ, ಜೀವಶಾಸ್ತ್ರ ಎರಡೂ ಕೈಯಲ್ಲಿರುತ್ತವೆ. ಲೆಕ್ಕ ಬರುತ್ತದೆ ಆದರೆ ಫಿಸಿಕ್ಸ್ ಬೇಡ ಅಂದರೆ ಕಾಮರ್ಸ್. ಸ್ಪರ್ಧಾತ್ಮಕ ಪರೀಕ್ಷೆ ಕಡೆ ಮನಸ್ಸಿದ್ದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಎಚ್‌ಇಪಿಎಸ್. ಅದನ್ನು ‘ದಡ್ಡರ ಕ್ಲಾಸು’ ಅನ್ನೋರು ಕೆಎಎಸ್ ಸಿಲೆಬಸ್ ಒಮ್ಮೆ ತೆರೆದು ನೋಡಲಿ. ಸೇರಿದ ಮೇಲೆ ತಪ್ಪು ಅನಿಸಿದರೆ ಮೊದಲ ಕೆಲವು ವಾರದಲ್ಲೇ ಪ್ರಾಂಶುಪಾಲರನ್ನು ಕಾಣಿ, ನಾಚಿಕೊಂಡು ವರ್ಷ ಕಳೆಯಬೇಡಿ.

ಹೈಸ್ಕೂಲ್ ಮಾಸ್ತರರಲ್ಲಿ ಒಂದು ವಿನಂತಿ. ಈ ಮಾತನ್ನು ರಿಸಲ್ಟ್ ದಿನ ಆಡಬೇಡಿ, ಜನವರಿಯಲ್ಲೇ ಆಡಿ. ನಿಮ್ಮ ಶಾಲೆಯಲ್ಲಿ ಓದಿ ಐಟಿಐ, ಡಿಪ್ಲೊಮಾ, ನರ್ಸಿಂಗ್, ಬಿಎ ಮಾಡಿದ ನಾಲ್ಕು ಜನರನ್ನು ಒಂದು ಶನಿವಾರ ಕರೆಸಿ ಕೂರಿಸಿ. ಸೈನ್ಸಿನಲ್ಲಿ ಫೇಲಾದವರನ್ನೂ ಕರೆಯಿರಿ. ಬೇಕಾದರೆ ನಾವೇ ಬರುತ್ತೇವೆ.

ಅಪ್ಪಂದಿರಿಗೆ, ಅವ್ವಂದಿರಿಗೆ ಇನ್ನೊಂದು ಮಾತು. ರಾಯಚೂರಿನ ಬಸ್ ಹತ್ತೋ ಮುಂಚಿನ ರಾತ್ರಿ ಮಗುವನ್ನು ಎದುರಿಗೆ ಕೂರಿಸಿಕೊಂಡು ‘ನಿನಗೇನನಿಸ್ತದ’ ಅಂತ ಕೇಳಿ. ಕೇಳಿ ಸುಮ್ಮನಿರಿ. ಮಗು ಬಾಯಿ ಬಿಡೋಕೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ನಿಮ್ಮೂರಲ್ಲಿ ಈ ವರ್ಷ ಹತ್ತನೇ ತರಗತಿಯಲ್ಲಿ ಮಗು ಇರೋ ಮನೆಗೆ ಇದನ್ನು ವಾಟ್ಸಾಪ್ ಮಾಡಿ. ಓದಲು ಬಾರದ ಅಪ್ಪ ಇದ್ದರೆ ಓದಿ ಹೇಳಿ.