ಸೋಡಚೀಟಿಯ ಎರಡು ಮುಖ

‘ಕೋರ್ಟು ಕಚೇರಿ ಯಾಕ ಬೇಕು, ಬಾಂಡ್ ಪೇಪರ್ ಬರದ್ರ ಒಂದ ದಿನದಾಗ ಮುಗೀತು.’ ಕದರಮಂಡಲಗಿ ಸೀಮೆಯ ಹಿರಿಯರು ಸೋಡಚೀಟಿಯನ್ನು ಹೀಗೆ ಹೊಗಳುವುದುಂಟು. ಮುಗಿಯುವುದು ಯಾರಿಗೆ? ‘ಮುಂದೆ ಜೀವನಾಂಶ ಕೇಳುವುದಿಲ್ಲ’ ಎಂಬ ಸಾಲಿನ ಕೆಳಗೆ ಸಹಿ ಬೀಳುವುದು ಹೆಣ್ಣಿನದು.

1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ತಮ್ಮ ಸಮುದಾಯದಲ್ಲಿ ಆ ರೂಢಿ ಇದೆಯೆಂದು ರುಜುವಾತು ಮಾಡಬೇಕು. ಆಗದಿದ್ದರೆ ಬಾಂಡಿಗೆ ವಿಚ್ಛೇದನದ ಬೆಲೆಯಿಲ್ಲ. ಕಿತಾಪತಿ ಇರುವುದು ಇಲ್ಲೇ. ಗಂಡ ಎರಡನೇ ಮದುವೆಗೆ ನಿಂತಾಗ ಅದು ವಿಚ್ಛೇದನ. ಹೆಂಡತಿ ಜೀವನಾಂಶಕ್ಕೆ ಅರ್ಜಿ ಹಾಕಿದಾಗ ಅದೇ ಕಾಗದ ‘ಇಬ್ಬರೂ ಒಪ್ಪಿ ಬೇರೆ ಇದ್ದೇವೆ’ ಎಂಬ ಕರಾರು. ಹಾಗೆ ಬೇರೆಯಿರುವ ಹೆಂಡತಿಗೆ ಜೀವನಾಂಶವಿಲ್ಲ ಎಂದಿತ್ತು ದಂಡ ಪ್ರಕ್ರಿಯಾ ಸಂಹಿತೆಯ 125(4). 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯ 144ರಲ್ಲೂ ಆ ಮಾತು ಉಳಿದಿದೆ. ವಿಚ್ಛೇದಿತೆಗೆ ಈ ತಡೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅದಕ್ಕೇ ಗಂಡನ ಕಡೆಯವರಿಗೆ ಅವಳು ಅಲ್ಲಿ ಮಾತ್ರ ಇನ್ನೂ ಹೆಂಡತಿ!

ಕೋರ್ಟು ನಿಧಾನ, ಒಪ್ಪಿದೆ. ಆದರೆ 2003ರ ತಿದ್ದುಪಡಿಯಿಂದ ಹೆಂಡತಿ ತಾನಿರುವ ಕಡೆಯ ಕೋರ್ಟಿನಲ್ಲೇ ದಾವೆ ಹೂಡಬಹುದು. ಕಾನೂನು ಸೇವಾ ಪ್ರಾಧಿಕಾರದಿಂದ ಹೆಣ್ಣಿಗೆ ಉಚಿತ ವಕೀಲರ ನೆರವೂ ಉಂಟು. ಪಂಚರು ಬಾಂಡ್ ತರಿಸುವ ಮೊದಲು ಇಷ್ಟನ್ನಾದರೂ ಅವಳಿಗೆ ಹೇಳಲಿ.