ಗಾಳದ ಚೀಲದಲ್ಲಿ ಏನಿರಬೇಕು?

ಮುಂಗಾರಿನ ಅಬ್ಬರವಿಳಿದು ನವರಾತ್ರಿಯ ರಜೆ ಬಂತೆಂದರೆ, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಗಾಳ ಹಿಡಿದು ಮಲ್ಪೆ, ಕಾಪು ಕಡೆಗೆ ಹೊರಡುತ್ತಾರೆ. ಚೀಲದ ತುಂಬ ದುಬಾರಿ ರೀಲು, ಬಣ್ಣದ ಪ್ಲಾಸ್ಟಿಕ್ ಮೀನುಗಳು. ಲೈಫ್ ಜಾಕೆಟ್ ಮಾತ್ರ ಇರುವುದಿಲ್ಲ. ಇದು ನನಗೆ ಸರಿಕಾಣದು.

ನಾವು ಹೊಳಲ್ಕೆರೆಯವರು, ಕೆರೆಯ ನೀರನ್ನು ಬಲ್ಲವರು. ಸೂಳೆಕೆರೆಯ ಏರಿಯ ಮೇಲೆ ದಿನವಿಡೀ ಕುಳಿತರೂ ನೀರು ನಮ್ಮತ್ತ ಏರಿ ಬರುವುದಿಲ್ಲ. ಕಡಲು ಹಾಗಲ್ಲ. ದಿನಕ್ಕೆರಡು ಬಾರಿ ಉಬ್ಬುತ್ತದೆ. ಆ ಹೊತ್ತೂ ಮರುದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಇಳಿತದಲ್ಲಿ ನಡೆದು ಹೋದ ಬಂಡೆ ಭರತದಲ್ಲಿ ದ್ವೀಪವಾದೀತು. ಆದ್ದರಿಂದ ಚೀಲ ಕಟ್ಟುವ ಮೊದಲು ಭರತ-ಇಳಿತದ ವೇಳೆಯನ್ನು ಬರೆದುಕೊಳ್ಳಿ. ಅಲ್ಲಿಯ ಮೀನುಗಾರರು ಬೇಡವೆಂದ ಬಂಡೆಯನ್ನು ಏರಬೇಡಿ. ಜಾಕೆಟ್ ತೊಟ್ಟರೆ ಸೆಖೆ ಎಂಬ ನೆಪ ನನ್ನ ಬಳಿ ನಡೆಯದು.

ಜಾರದ ಪಾದರಕ್ಷೆ, ಕೊಕ್ಕೆ ಬಿಡಿಸಲು ಇಕ್ಕಳ, ಒಂದು ಕ್ಯಾನ್ ಸಿಹಿನೀರು ಇರಲಿ. ಉಪ್ಪುನೀರು ತಾಗಿದ ರೀಲನ್ನು ಅಂದೇ ತೊಳೆಯದಿದ್ದರೆ ತುಕ್ಕು ಹಿಡಿಯುತ್ತದೆ. (ಚಿತ್ರಾನ್ನದ ಡಬ್ಬಿಯನ್ನು ನಾನು ಹೇಳದೆಯೇ ಒಯ್ಯುವಿರಿ!) ಕಡಿದ ತಂಗೂಸಿ ದಾರವನ್ನು ತುಂಬಿ ತರಲು ಬೇರೊಂದು ಡಬ್ಬಿ ಬೇಕು. ಅಲ್ಲಿಯೇ ಬಿಟ್ಟುಬಂದರೆ ಅದು ಹಕ್ಕಿಯ ಕಾಲಿಗೂ ಆಮೆಯ ಕೊರಳಿಗೂ ಉರುಳು.